ಹುಟ್ಟು

ಇಪ್ಪತ್ತೆರಡು ವರ್ಷ ಅವಳ ದೋಣಿ ನಡೆಸಿದವನು ನಾನು.
ಮಲಾವಿ ಸರೋವರದ ಬಡಗಣ ದಂಡೆ;
ಬೆಟ್ಟ ನೆಟ್ಟಗೆ ನೀರಿಗಿಳಿದು ನಿಂತ ಕಡೆ
ರಸ್ತೆ ಎಲ್ಲಿಂದ ಬರಬೇಕು?
ನನ್ನ ಕೈಯಲ್ಲೊಂದು ಹುಟ್ಟು.
ಅವಳ ಚೀಲದಲ್ಲಿ ಕತ್ತರಿ, ದಾರ, ಅರ್ಧ ಸಾಬೂನು,
ಮಾವಿನ ಕೊಂಬೆಗೆ ಸಿಕ್ಕಿಸಿ ಕೂಸು ತೂಗುವ
ಕೊಕ್ಕೆಯ ತಕ್ಕಡಿ.
ದಡ ಮುಟ್ಟಿದರೆ ನನ್ನ ಹುಟ್ಟು ಮರಳಲ್ಲಿ ಮಲಗುವುದು,
ಅವಳದು ಆಗ ಶುರು.

ಮಾಸೋಜಿ ಮ್ಹಾಂಗೊ.
ನಮ್ಮ ಮಾತಿನಲ್ಲಿ ಮಾಸೋಜಿ ಅಂದರೆ ಕಣ್ಣೀರು.
ಅವಳು ಅತ್ತದ್ದು ನಾನು ಕಂಡದ್ದು ಒಂದೇ ಸಲ.

ತಿವೋಂಗೆ ಸತ್ತ ರಾತ್ರಿಯಲ್ಲ.
ಅಂದು ಮ್ವೇರಾ ಗಾಳಿ ಎದ್ದಿತ್ತು,
ಸೀಮೆಎಣ್ಣೆ ಮುಗಿದ ಫ್ರಿಜ್ಜಿನಲ್ಲಿ
ರಕ್ತ ನಿಲ್ಲಿಸುವ ಸೂಜಿಮದ್ದು ಕೆಟ್ಟು ಕೂತಿತ್ತು.
ನಡು ನೀರಿನಲ್ಲಿ ಹುಡುಗಿ ತಣ್ಣಗಾದಳು.
ಬೆಳಿಗ್ಗೆ ಮಾಸೋಜಿ ನನ್ನ ದೋಣಿಯನ್ನು ತಾನೇ ತೊಳೆದಳು,
ಹಲಗೆಯ ಸಂದಿಗೆ ಉಗುರು ಹಾಕಿ ಕೆರೆದು ಕೆರೆದು.
ಆಮೇಲೆ ಕೇಳಿದಳು:
ಲಿಲೋಂಗ್ವೆಗೆ ಬಸ್ಸಿನ ದುಡ್ಡು ಎಷ್ಟು?

ಪಕ್ಷವಿಲ್ಲದವಳಿಗೆ ಚಿಹ್ನೆ ಬೇಕೆಂದರು.
ತಕ್ಕಡಿ ಬರೆದುಕೊಟ್ಟಳು.
ಅಚ್ಚಾಗಿ ಬಂದಾಗ ತಟ್ಟೆ ಮಾಸಿ, ಕೊಕ್ಕೆ ಮಾತ್ರ ಉಳಿದಿತ್ತು.
ಬೆಸ್ತರು ಗಾಳವೆಂದು ತಿಳಿದರು,
ಗಾಳಕ್ಕೇ ಗುರುತು ಹಾಕಿದರು.
ಗೆಲುವಿನಲ್ಲಿ ಅರ್ಧ ಪಾಲು ಮೀನಿನದು ಎಂದು
ಇಂದಿಗೂ ನಗುತ್ತೇವೆ.

ಮತದಾರರ ಪಟ್ಟಿಯನ್ನು ಅವಳು ಓದುತ್ತಿದ್ದ ಬಗೆ ಬೇರೆ:
ಇವನು ಎರಡು ಕಿಲೋ ನಾನೂರು.
ಇವಳು ಕಾಲು ಮುಂದಾಗಿ ಬಂದವಳು.
ಇವನ ಕೊರಳಿಗೆ ಬಳ್ಳಿ ಎರಡು ಸುತ್ತು ಬಿಗಿದಿತ್ತು,
ಈಗ ಎದುರಾಳಿಯ ಪರವಾಗಿ ಕೂಗುತ್ತಿದ್ದಾನೆ;
ಶ್ವಾಸಕೋಶ ಎಷ್ಟು ಚೆನ್ನಾಗಿದೆ ನೋಡು.

ಒಮ್ಮೆ ಸಾಲದ ಬೂಟು ಹಾಕಿಕೊಂಡು
ಶಾಸನಸಭೆಯ ಮೇಲಿನ ಸಾಲಿನಲ್ಲಿ ಕೂತೆ.
ಮೂರು ನಿಮಿಷ, ಎಂದರು ಸಭಾಧ್ಯಕ್ಷರು.
ಉಸಿರೆಳೆಯದ ಕೂಸಿನ ಬೆನ್ನು ತಿಕ್ಕುತ್ತ
ಅಷ್ಟೇ ಹೊತ್ತು ಅವಳು ನಿಂತದ್ದು ನಾನು ಕಂಡವನು.
ಹೆರಿಗೆ ಎಂದು ಎದ್ದರೆ
ತೆರಿಗೆ ಎಂದು ಕೂರಿಸಿದರು.

ಮೂರನೆಯ ವರ್ಷ ಆಳುವವರ ಕಡೆ ದಾಟಿದಳು.
ಉಪಮಂತ್ರಿ. ಬಿಳಿ ಕಾರು, ಬಾಗಿಲು ತೆರೆಯಲು ಒಬ್ಬ.
ನಮ್ಮ ಚಿಕಿತ್ಸಾಲಯಕ್ಕೆ ಬಿಸಿಲಿನ ಫ್ರಿಜ್ಜು ಬಂತು,
ನಿಜ ಹೇಳಬೇಕು, ಬಂತು.
ಬೆಟ್ಟದಾಚೆಯ ಎರಡು ಮುಚ್ಚಿದವು.
ಆ ಕಾಗದದ ಕೆಳಗಿನ ಸಹಿ
ನನಗೆ ಓದಲು ಬರುವ ಕೆಲವೇ ಅಕ್ಷರಗಳಲ್ಲಿ ಒಂದು.

ಕೇಳಲೆಂದೇ ಹೋದೆ.
ನನ್ನ ಅಂಗೈ ತಿರುಗಿಸಿ ನೋಡಿದಳು.
ಬೊಕ್ಕೆ ಒಡೆದು ಕೀವಾಗಿದೆಯಲ್ಲ, ಎಂದಳು,
ಮೇಜಿನ ಖಾನೆಯಿಂದ ಹತ್ತಿ ತೆಗೆದು ಕಟ್ಟಿದಳು.
ಕಟ್ಟು ಚೆನ್ನಾಗಿತ್ತು. ಉತ್ತರ ಕೊಡಲಿಲ್ಲ.
ಕಟ್ಟಿದ ಕೈ ಹೊತ್ತು ಇನ್ನೇನು ಕೇಳಲಿ?

ಮುಂದಿನ ಚುನಾವಣೆ ಅರವತ್ತೊಂದು ಮತಗಳಿಂದ ಹೋಯಿತು.
ಬೆಟ್ಟದಾಚೆಯವು ಎಂದರು ಕೆಲವರು.
ನಾನು ಎಣಿಸಲಿಲ್ಲ.

ಹಾಂ, ಅತ್ತದ್ದು.
ಗೆದ್ದ ರಾತ್ರಿ.
ದಂಡೆಯಲ್ಲಿ ಡೋಲು, ಮರಗೆಣಸಿನ ಹಿಟ್ಟಿನ ಮುದ್ದೆ, ಕುಣಿತ.
ಉಸಿಪಾ ಮೀನು ಒಣಗಿಸುವ ಚಪ್ಪರದ ಹಿಂದೆ
ಚಿಕಿತ್ಸಾಲಯದ ಬೀಗದ ಕೈ ಮುಷ್ಟಿಯಲ್ಲಿ ಹಿಡಿದು,
ಯಾರಿಗೆ ಕೊಡಲಿ ಇದನ್ನು, ಯಾರಿಗೆ ಎಂದು
ಹುಟ್ಟಿದ ಕೂಸಿನ ಹಾಗೆ ಬಾಯಿ ತೆರೆದು ಅತ್ತಳು.
ನನಗೆ ಕೊಟ್ಟಳು. ದೋಣಿಯವನಿಗೆ.

ಮೊನ್ನೆ ಬೆಳಗಾಗುವ ಮುಂಚೆ ನನ್ನ ಬಾಗಿಲು ತಟ್ಟಿದಳು.
ಕೂದಲು ಬೆಳ್ಳಗೆ, ಹಳೆಯ ಚೀಲ ಹೆಗಲಿಗೆ.
ಅವಳ ಪರವಾನಗಿಯ ಅವಧಿ ಎಂದೋ ಮುಗಿದಿದೆ.
ಬೀಗದ ಕೈ ಇದೆಯಾ?
ಕೊರಳಿನ ದಾರದಿಂದ ಬಿಚ್ಚಿ ಕೊಟ್ಟೆ.
ಅಲ್ಲಿ ಹೊಸ ಬೀಗ ಬಿದ್ದು ಮೂರು ವರ್ಷ;
ನನಗೂ ಗೊತ್ತು, ಅವಳಿಗೂ ಗೊತ್ತು.
ಗಾಳಿ ಯಾವ ಕಡೆಯದು? ಅಂದಳು.
ತೆಂಕಣದ್ದು.
ಹಾಗಾದರೆ ಸ್ವಲ್ಪ ತಡೆಯೋಣ, ಎಂದು
ಮಗುಚಿಟ್ಟ ದೋಣಿಯ ಬೆನ್ನ ಮೇಲೆ ಕೂತಳು.