ಗಾಳದ ಗಾಯ

ಮಂಗಳವಾರ ಹೊಲಿಗೆ ಅಂಗಡಿಗೆ ಬೀಗ.
ದಾವಣಗೆರೆಯಲ್ಲಿ ಮೊದಲ ಬಸ್ಸು ಹಿಡಿದರೆ
ಬಿಸಿಲು ಬಲಿಯುವ ಮುಂಚೆ ಸೂಳೆಕೆರೆ ಏರಿ.
ಉಚ್ಚೆಂಗಮ್ಮ ಆಗಲೇ ತೂಬಿನ ಪಕ್ಕ
ಕಲ್ಲಿಗೆ ಕಲ್ಲಾಗಿ ಕೂತಿರುತ್ತಾಳೆ,
ಕಣ್ಣು ಬೆಂಡಿನ ಮೇಲೆ, ಬೈಗುಳ ನನ್ನ ಮೇಲೆ.

“ನೆರಳು ನೀರಿಗೆ ಬೀಳಬಾರ್ದು ಕಣಪ್ಪ.
ಸೂರ್ಯ ಎದುರಿಗಿರ್ಲಿ. ಕಣ್ಣು ಕುಕ್ಕಿದ್ರೆ ಕುಕ್ಲಿ.”
ಹಿಟ್ಟಿಗೆ ಶೇಂಗಾ ಹಿಂಡಿ, ನಿನ್ನೆಯ ಮುದ್ದೆ,
ಚಿಟಿಕೆ ಅರಿಶಿನ.
“ಯಾಕಂತ ನಂಗೂ ಗೊತ್ತಿಲ್ಲ, ನಮ್ಮಪ್ಪ ಹಾಕ್ತಿದ್ದ.”

ಗೆಂಡೆಗೆ ಹಿಟ್ಟು, ಕೊರವಕ್ಕೆ ಕಪ್ಪೆಮರಿ.
“ಕೊರವ ಹಸಿವಿಗೆ ಕಚ್ಚಲ್ಲ, ಸಿಟ್ಟಿಗೆ ಕಚ್ಚತತಿ.
ಜೊಂಡಿನ ಅಂಚಿಗೆ, ಅದರ ಮನೆ ಮುಂದೇನೆ
ಕಪ್ಪೆ ಕುಣಿಸು. ಒಂದ್ಸಲ, ಎರಡ್ಸಲ.
ಮೂರನೇ ಸಲ ಬಾಗ್ಲು ತೆಗೆದು ಬೈಯಾಕೆ ಬರ್ತತಿ.”

ಬೆಂಡು ಅಲುಗಿದರೆ ಎಳೆಯಬಾರದು,
ಸಣ್ಣವು ರುಚಿ ನೋಡುತ್ತಿರುತ್ತವೆ.
ಅಡ್ಡ ಮಲಗಿದರೂ ಎಳೆಯಬಾರದು.
ಮುಳುಗಿ ಪಕ್ಕಕ್ಕೆ ನಡೆಯಿತೋ, ಆಗ.
“ಕತ್ರಿ ಹಾಕೋ ಮುಂಚೆ ಉಸಿರು ಹಿಡಿತೀಯಲ್ಲ, ಹಂಗೆ.”

ನಾನೋ ಅಲುಗಿದಾಗಲೇ ಎಳೆಯುವವನು.
ಐದು ಮಂಗಳವಾರ ಬರಿಗಾಳ.
ನಡುವೆ ಒಮ್ಮೆ ಒಂದು ಹವಾಯಿ ಚಪ್ಪಲಿ, ಎಡಗಾಲಿನದು.
“ಕೆರೆಗೆ ಬುತ್ತಿ ಕೊಟ್ಟು ಬರ್ತೀಯಾ ಹೆಂಗೆ?”
ಎಂದು ನಗುತ್ತಾಳೆ ಮನೆಯಲ್ಲಿ ಗುರುಸಿದ್ದಮ್ಮ.

ಆರನೇ ವಾರ ಸೊಸೈಟಿ ತೆಪ್ಪ ದಡಕ್ಕೆ ಬಂದಾಗ
ಸುತ್ತ ನೋಡಿ, ನೂರೆಂಬತ್ತು ಎಣಿಸಿ
ಒಂದು ಕಾಟ್ಲಾ ಕೊಂಡೆ. ಬಾಲ ಇನ್ನೂ ಬಡಿಯುತ್ತಿತ್ತು.
ಅಂಗಿ ತೋಳು ಬೇಕಂತಲೇ ಒದ್ದೆ ಮಾಡಿಕೊಂಡು
ಅವಳ ಮುಂದೆ ಎತ್ತಿ ಹಿಡಿದೆ.

ಅವಳು ಮೀನು ನೋಡಲಿಲ್ಲ.
ಹೆಬ್ಬೆರಳು ಅದರ ಬಾಯೊಳಗಿಟ್ಟು
ಮೆಲ್ಲಗೆ ಒಂದು ಸುತ್ತು ಸವರಿದಳು.
“ತುಟಿ ಹರಿದಿಲ್ಲ.”
ಕಿವಿರಿನ ಹಿಂದೆ ನೂಲು ಕೊರೆದ ಗೆರೆಯಿತ್ತು,
ಹೊಲಿಗೆ ಬಿಚ್ಚಿದ ಬಟ್ಟೆಯಲ್ಲಿ ಉಳಿಯುತ್ತದಲ್ಲ
ಅಂಥದೇ ಗುರುತು. ನನಗೇ ಮೊದಲು ಕಾಣಬೇಕಿತ್ತು.
“ಎಷ್ಟು ಕೊಟ್ಟೆ?”
“ನೂರೆಂಬತ್ತು.”
“ಇಪ್ಪತ್ತು ಜಾಸ್ತಿ ಆತು,” ಎಂದು ಬೆಂಡಿನ ಕಡೆ ತಿರುಗಿದಳು.

ಮೀನನ್ನು ಚೀಲಕ್ಕೆ ಹಾಕಿ, ಕೋಲು ಬಿಚ್ಚಿ
ಅವಳಿಂದ ಒಂದು ಮಾರು ದೂರ ಕೂತೆ.
ಸೂರ್ಯ ಈಗ ನೆತ್ತಿಗೆ. ನೆರಳು ಕುಂಡೆಯ ಕೆಳಗೇ ಇತ್ತು.
ಬೆಂಡು ಅಲುಗಿತು.
ಏರಿಯ ಮೇಲೆ ದಾವಣಗೆರೆ ಬಸ್ಸು ಹಾರನ್ ಹೊಡೆಯಿತು, ಎರಡು ಸಲ.
ಎಳೆಯಲಿಲ್ಲ.