ಬೆನ್ನಿನ ಕಡೆಯಿಂದ

ರಾತ್ರಿ ಎರಡೂಕಾಲು. ಹೆರಿಗೆ ಕೋಣೆಯ ಫ್ಯಾನು
ಬೀದರಿನ ಮೇ ತಿಂಗಳನ್ನು ಸುಮ್ಮನೆ ತಿರುವುತ್ತಿದೆ.
ಮಂಚದಂಚಿಗೆ ಕಾಲು ಇಳಿಬಿಟ್ಟು, ದಿಂಬು ತಬ್ಬಿ,
ಸಿಸ್ಟರ್ ಸಲೋಮಿಯ ಹೆಗಲಿಗೆ ಹಣೆ ಒತ್ತಿ
ಕೂತಿದ್ದಾಳೆ ಭಾಗ್ಯವಂತಿ.

ನನ್ನೆದುರು ಅವಳ ಬೆನ್ನು.
ಎಂಟನೆಯ ವಯಸ್ಸಿಗೇ ಬಲಕ್ಕೆ ವಾಲಿದ್ದು,
ಕಲ್ಲು ಕಂಡಲ್ಲಿ ಹೊರಳಿಕೊಂಡ ಬಂಡಿಜಾಡಿನ ಹಾಗೆ.
ಇಪ್ಪತ್ತೆರಡು ವರ್ಷ ಪಳಗಿದ ನನ್ನ ಹೆಬ್ಬೆರಳು
ಎಲುಬು ಹುಡುಕಿತು, ಮತ್ತೆ ಹುಡುಕಿತು,
ಇಲ್ಲಿ ಅಂದಿತು. ಅಲ್ಲ, ಇಲ್ಲಿ ಅಂದಿತು.
ಊಹೆ ಹೊಡೆಯುತ್ತಿದೆ ಎಂದು ಗೊತ್ತಾಯಿತು ನನಗೆ.

"ಮೌಲಾ, ಸ್ಕ್ಯಾನ್ ಮಷೀನು ತಗೊಂಡ್ ಬಾ."

ಬೀಗ ತೆಗೆದು, ರಿಜಿಸ್ಟರು ಕಂಕುಳಲ್ಲಿಟ್ಟು
ಕಿರುಗುಡುವ ಗಾಲಿಯ ಮೇಲೆ ತಂದ.
ಬಾಗಿಲ ಸಂದಿಯಲ್ಲಿ ಅತ್ತೆ ತುಳಜಾಬಾಯಿ:
"ಈಗ್ಯಾಕ್ರಿ ಇದು? ಗಂಡೋ ಹೆಣ್ಣೋ
ಇನ್ನೊಂದೆರಡು ತಾಸಿಗಿ ತಾನಾ ತಿಳೀತದಲ್ಲ."
ಹೊಟ್ಟಿಗಲ್ಲಮ್ಮ, ಬೆನ್ನಿಗೆ.
"ಬೆನ್ನಾಗೇನದ ನೋಡ್ಲಾಕ?"

ಒಂಬತ್ತು ತಿಂಗಳಲ್ಲಿ ನಾಲ್ಕು ಸಲ
ಈ ಯಂತ್ರ ಇವಳ ಮೇಲೆ ಓಡಾಡಿದೆ.
ನಾಲ್ಕೂ ಸಲ, ಕಿಟಕಿಯ ಗಾಜನ್ನು ನೋಡದೆ
ಆಚೆಯದನ್ನೇ ನೋಡುವವರ ಹಾಗೆ
ಇವಳನ್ನು ದಾಟಿ ನೋಡಿದೆ.
ಕೂಸಿನ ತೊಡೆಯೆಲುಬು ಇಷ್ಟು, ತಲೆಯ ಸುತ್ತಳತೆ ಇಷ್ಟು.
ಇವಳು ಎಷ್ಟು, ಯಾರೂ ಬರೆಯಲಿಲ್ಲ.

ಜೆಲ್ಲಿನ ತಣ್ಪಿಗೆ ಸೆಟೆದಳು. ಅಷ್ಟರಲ್ಲಿ ಬ್ಯಾನಿ ಬಂತು.
ನಾವೆಲ್ಲ ತಡೆದು ನಿಂತೆವು,
ಗೂಡ್ಸ್ ಗಾಡಿ ದಾಟುವ ತನಕ ಗೇಟಿನಲ್ಲಿ ನಿಂತ ಹಾಗೆ.

ಹೋಯಿತು.
ಪರದೆಯ ಮೇಲೆ ಎಲುಬಿನ ನೆರಳು. ಕಪ್ಪು. ಮತ್ತೂ ಕಪ್ಪು.
ಹಿಡಿಕೆಯನ್ನು ಕೂದಲೆಳೆಯಷ್ಟು ವಾಲಿಸಿದೆ,
ತಟ್ಟನೆ ರೆಕ್ಕೆ ಬಿಚ್ಚಿತು ಬಾವಲಿ.
ಹಾಗೇ ಕಾಣುತ್ತದೆ ಅದು: ಎರಡು ಕಿವಿ, ಎರಡು ರೆಕ್ಕೆ,
ನಡುವೆ ಒಂದರ ಕೆಳಗೊಂದು ಬಿಳಿ ಗೆರೆ.
ಮೇಲಿನ ಗೆರೆಯಲ್ಲಿದೆ ನಾನು ಹುಡುಕುವ ಜಾಗ.

"ಬಾವಲಿ ಸಿಕ್ತು" ಅಂದೆ, ಅಭ್ಯಾಸದ ಬಾಯಿ.
ದಿಂಬಿನೊಳಗಿಂದ ಅವಳು:
"ಬಾವಲಿ ಇದ್ದಲ್ಲಿ ಗಾಳಿ ಅದ ಅಂತಿದ್ದ ನಮ್ಮಪ್ಪ."

ಆಮೇಲೆ ಬ್ಯಾನಿಗೂ ಬ್ಯಾನಿಗೂ ನಡುವೆ, ತುಂಡು ತುಂಡಾಗಿ:
ಅಪ್ಪ ನೌಬಾದಿನ ಸುರಂಗ ಬಾವಿಗೆ
ಹೂಳೆತ್ತುವ ಕೂಲಿಗೆ ಇಳಿಯುತ್ತಿದ್ದನಂತೆ.
ಬುತ್ತಿ ಒಯ್ದ ಇವಳು ಮೇಲೆ ಕಿಂಡಿಯ ಬಾಯಿಗೆ ಕೂತು
ಅಪ್ಪಾ ಎಂದು ಕೂಗಿ,
ಕೂಗು ತಿರುಗಿ ಬರುವ ಹೊತ್ತಿನ ಮೇಲೆ
ಆಳ ಹೇಳುತ್ತಿದ್ದಳಂತೆ.
ನನಗೆ ನಗು ಬಂತು. ನನ್ನ ಕೈಯಲ್ಲಿದ್ದದ್ದೂ ಅದೇ,
ನಾಯಿಯ ಕಿವಿಗೂ ಎಟುಕದ ಒಂದು ಕೂಗು.

ಐದು ಸೆಂಟಿಮೀಟರು, ಎರಡು ಮಿಲಿ.
ನೇರಕ್ಕಲ್ಲ, ಎಡಕ್ಕೆ ಸ್ವಲ್ಪ ಓರೆ.
ಪೆನ್ನಿನಿಂದ ಗುರುತು ಹಾಕಿದೆ,
ಹೆಬ್ಬೆರಳು ಹೇಳಿದ್ದಕ್ಕಿಂತ ಒಂದೂವರೆ ಬೆರಳು ಆಚೆ.
ಹೆಬ್ಬೆರಳು ಮಾತಾಡಲಿಲ್ಲ.

ಜೆಲ್ಲು ಒರೆಸಿ, ಔಷಧಿ ಬಳಿದು, ಸೂಜಿ.
ಮೂರು. ನಾಲ್ಕು. ಕೆಂಪುಕಲ್ಲಿಗೆ ಹಾರೆ ಹಾಕಿದ ಬಿಗಿ.
ಐದು. ಸಿರಿಂಜನ್ನು ಒತ್ತುತ್ತಲೇ ಇದೆ
ಅದೇ ಹೆಬ್ಬೆರಳು, ಒತ್ತುತ್ತಲೇ ಇದೆ,
ಯಾರೋ ಒಳಗಿಂದ ಅಗುಳಿ ಸರಿಸಿದ ಹಾಗೆ
ಎದುರು ಎಂಬುದೇ ಇಲ್ಲವಾಯಿತು.
ಇದನ್ನು ಪರದೆ ಹೇಳಲಿಲ್ಲ.

ಹದಿನೈದು ನಿಮಿಷ. ಮೊದಲು ಪಾದ ಬೆಚ್ಚಗಾಯಿತಂತೆ.
ಕಾಗದದ ಮೇಲೆ ಬ್ಯಾನಿಯ ಗುಡ್ಡ ಏರಿ ಇಳಿಯಿತು.
"ಬರ್ಲತ್ತದೇನ್ರಿ?"
ಬಂದು ಹೋಯ್ತು.
"ನನಗ ಹೇಳ್ಲಾರ್ದೇ?"

ತುಳಜಾಬಾಯಿ ಒಳಗೆ ಬಂದಿದ್ದಳು.
ನಾಲ್ಕು ಹಡೆದವಳು, ಸೆರಗು ಕಚ್ಚಿ.
ಪರದೆಯಲ್ಲಿ ನಿಂತೇ ಇದ್ದ ಚಿತ್ರಕ್ಕೆ ಮುಖ ಕೊಟ್ಟು
"ಇದು ಅಕಿನಾ?" ಎಂದಳು.
ಅಕಿನೇ.
ಬಹಳ ಹೊತ್ತು ನೋಡಿದಳು.
ಆಮೇಲೆ ಸೊಸೆಯ ಸೊಂಟದ ಬದಿಗೆ
ಒಣಗಿ ಹತ್ತಿದ್ದ ಜೆಲ್ಲನ್ನು ಸೆರಗಿನಿಂದ ಒರೆಸಿದಳು,
ಪಟ್ಟಿಗೆ ತಾಕದ ಹಾಗೆ, ನಿಧಾನ.

ಕೂಸು ಐದು ಹತ್ತಕ್ಕೆ.
ಮಷೀನು ಹಿಂದಕ್ಕೆ ಒಯ್ಯುವ ಮೊದಲು ಮೌಲಾ
ರಿಜಿಸ್ಟರು ತೆರೆದು ಕೇಳಿದ:
ಏನು ನೋಡಿದ್ರಿ ಅಂತ ಬರೀಲಿ ಮೇಡಂ?
ಬೆನ್ನು ಅಂತ ಬರಿ.
ಹೆಸರು ಪೂರ್ತಿ ಬರಿ.