ಹೆಬ್ಬೆಟ್ಟು

ಕೈಯಲ್ಲೇ ಮಾಡಿದ ಹಾಗೆ ಕಾಣಬೇಕು,
ಆದರೆ ಗಂಟೆಗೆ ಆರುನೂರು ಇಳಿಯಬೇಕು.
ಲೋವರ್ ಪರೇಲಿನ ಹದಿನಾಲ್ಕನೇ ಮಹಡಿಯಲ್ಲಿ
ಅದು ನನಗೆ ಬಂದ ಕೊನೆಯ ದೊಡ್ಡ ಕೆಲಸ.
ಪ್ಲಾಸ್ಟಿಕ್ ಹೂಕುಂಡ. ಬಣ್ಣ, ಸುಟ್ಟ ಮಣ್ಣು.
ಅಂಚಿನ ಕೆಳಗೆ ಒಂದು ತಗ್ಗು, ಯಾರೋ ಒತ್ತಿದ ಹಾಗೆ.
ಯಾರೋ ಯಾಕೆ, ನನ್ನದೇ ಒತ್ತಿದೆ.
ಸ್ಕ್ಯಾನರಿನ ಕಣ್ಣಿಗೆ ಹೆಬ್ಬೆರಳು ಹಿಡಿದು
ಗೆರೆಗೆರೆಯನ್ನೂ ಉಕ್ಕಿನ ಅಚ್ಚಿಗೆ ಇಳಿಸಿದೆವು.
ಇವತ್ತಿಗೂ ಊರೂರಿನ ಬಾಲ್ಕನಿಗಳಲ್ಲಿ
ನಲವತ್ತು ಲಕ್ಷ ಸಲ
ತುಳಸಿ ಹಿಡಿದು ನಿಂತಿದ್ದೇನೆ.

ಇಪ್ಪತ್ತೆರಡು ವರ್ಷ ಮೇಜಿನ ಮೇಲೆ
ಕಾಲೇಜಿನಲ್ಲಿ ಮಾಡಿದ ಕುಡಿಕೆಯೊಂದಿತ್ತು.
ನೀರು ನಿಲ್ಲುತ್ತಿರಲಿಲ್ಲ, ಪೆನ್ಸಿಲು ನಿಲ್ಲುತ್ತಿದ್ದವು.
ಬಿಟ್ಟು ಬಂದ ದಿನ
ಅದೊಂದನ್ನೇ ದುಪಟ್ಟಾದಲ್ಲಿ ಸುತ್ತಿ ತಂದೆ.

ಧಾರಾವಿಯ ಕುಂಭಾರವಾಡಾದಲ್ಲಿ ಕಂಕುಬೆನ್
ಬೆರಳ ಗೆಣ್ಣಿಂದ ಅದನ್ನು ಬಡಿದು ಕೇಳಿದಳು.
ಠಣ್ ಅನ್ನಲಿಲ್ಲ.
"ಅರೆಬೆಂದದ್ದು," ಎಂದಳು,
ಕುಡಿಕೆಗೋ ನನಗೋ ತಿಳಿಯಲಿಲ್ಲ.
ಮೂರು ತಿಂಗಳು ತಿಗರಿ ಮುಟ್ಟಲು ಬಿಡಲಿಲ್ಲ.
ತುಳಿ, ಎಂದಳು. ಹರಳು ಆರಿಸು, ಎಂದಳು.
ಹತ್ತಿಯ ಚಿಂದಿ ಹೊತ್ತು ತಾ ಆವಿಗೆಗೆ.
ಹೊಗೆಗೆ ಅತ್ತದ್ದನ್ನು
ಅಳು ಎಂದು ಲೆಕ್ಕ ಹಿಡಿಯಲಿಲ್ಲ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.
ನಮ್ಮ ಕಡೆಯ ಗಾದೆ,
ಮುರುಕು ಹಿಂದಿಯಲ್ಲಿ ಹೇಳಿದೆ. ನಕ್ಕಳು.
ಒಳಗೊಂದು ಕಲ್ಲು ಹಿಡಿದು
ಹೊರಗಿಂದ ದೊಣ್ಣೆಯಲ್ಲೇ ತಟ್ಟಿ ತಟ್ಟಿ
ಗಡಿಗೆಗೆ ಹೊಟ್ಟೆ ಬರಿಸುತ್ತಿದ್ದಳು ಆಗ.
ಬಡಿಯುವ ಕೈ ಎಲ್ಲರೂ ನೋಡುತ್ತಾರೆ,
ಒಳಗೆ ಕಾಣದೆ ಆನಿಸಿಕೊಂಡ ಕೈ ನೋಡು, ಎಂದಳು.

ಮೊನ್ನೆ ಸಯನ್ನಿನ ಬ್ಯಾಂಕಿನಲ್ಲಿ
ಯಂತ್ರ ನನ್ನ ಹೆಬ್ಬೆರಳನ್ನು ಒಪ್ಪಲಿಲ್ಲ.
ಒರೆಸಿ ಇಡಿ ಮೇಡಂ. ಒರೆಸಿ ಇಟ್ಟೆ.
ಇನ್ನೊಂದು ಬೆರಳು. ಅದೂ ಇಲ್ಲ.
ಮಣ್ಣು ತಿಂದಿತ್ತು ಗೆರೆಗಳನ್ನು,
ಒಂದೊಂದಾಗಿ, ಸದ್ದಿಲ್ಲದೆ.
ಎರಡು ಡಿಗ್ರಿಯವಳಿಗೆ
ಹೆಬ್ಬೆಟ್ಟೂ ಉಳಿದಿರಲಿಲ್ಲ.

ಗುಮಾಸ್ತನ ಪಕ್ಕದ ಕಿಟಕಿಯಲ್ಲಿ
ಕುಂಡವೊಂದು, ಬಾಡಿದ ಮನಿಪ್ಲಾಂಟು.
ಸುಟ್ಟ ಮಣ್ಣಿನ ಬಣ್ಣ. ಅಂಚಿನ ಕೆಳಗೊಂದು ತಗ್ಗು.

ಅದನ್ನೇ ತಂದು ಯಂತ್ರಕ್ಕೆ ಒತ್ತಿ,
ನಾನೇ ಎಂದು ಹೇಳುತ್ತದೆ,
ಅನ್ನಲು ಬಾಯಿಗೆ ಬಂತು.
ಅನ್ನಲಿಲ್ಲ. ಹಿಂದೆ ಸಾಲು ಉದ್ದವಿತ್ತು.
ಅಲ್ಲದೆ, ಒದ್ದೆ ಗೋಣಿಯಡಿ
ಮಣ್ಣು ಹದಕ್ಕೆ ಬರುವ ಹೊತ್ತು.